ಅತಿಭೋಜನವೂ ಮಿತಾಹಾರವೂ

ಅನ್ನವು ಪ್ರಾಣಿಗಳ ಜೀವನಕ್ಕೆ ಆಧಾರವೆಂಬುದು ಸರ್ವರೂ ಬಲ್ಲ ಸಂಗತಿ. ಆದರೆ ಯಾವ ಅನ್ನವು ದೇಹವನ್ನು ಪೋಷಿಸುವುದೋ ಅದೇ ಅನ್ನವು ಅಳತೆ ಮೀರಿದಾಗ ದೇಹವನ್ನು ಕೆಡಿಸುವುದೆಂಬುದನ್ನು ಬಲ್ಲವರು ಕಡಮೆ. ಬಲ್ಲವರಲ್ಲಿಯೂ ಎಲೆಯ ಮುಂದೆ ಕುಳಿತಾಗ ಅದನ್ನು ನೆನಪಿಗೆ ತಂದುಕೊಳ್ಳುವವರು ಇನ್ನೂ ಕಡಮೆ. ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಈ ಗಾದೆಯಲ್ಲಿ ವಿಚಾರಮಾಡತಕ್ಕ ಪದವು ‘ಊಟ’ವಲ್ಲ, ‘ಬಲ್ಲವನು’ ಎಂಬುದು. ಉಣ್ಣುವುದು ಹುಟ್ಟಿನೊಡನೆ ಬರುವುದು. ಉಣ್ಣಬಲ್ಲವನಾಗುವುದು ಅಭ್ಯಾಸದಿಂದ ಬರತಕ್ಕದ್ದು. ಅಭ್ಯಾಸದಿಂದ ಬರುವುದೆಲ್ಲವೂ ವಿದ್ಯೆಯಾದುದರಿಂದ ಊಟವೂ ಒಂದು ವಿದ್ಯೆಯೇ ಸರಿ. ವಿದ್ಯೆಯನ್ನಾದರೋ ಯಾವ ವಯಸ್ಸಿನಲ್ಲಿಯೂ ಕಲಿಯಬಹುದು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ನಮ್ಮ ದೇಶದಲ್ಲಿ ಹೊಟ್ಟೆ ತುಂಬ ಅನ್ನ ಕಾಣದವರು ಇನ್ನೂ ಇದ್ದಾರೆ. ೨೦೧೯–೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು ೧೯ ಮಂದಿ, ಪುರುಷರ ಪೈಕಿ ೧೬ ಮಂದಿ, ಇರಬೇಕಾದುದಕ್ಕಿಂತ ಕಡಮೆ ತೂಕದವರಾಗಿ ಕಂಡುಬಂದರು. ಅದೇ ಸಮೀಕ್ಷೆಯಲ್ಲಿಯೇ ಸ್ತ್ರೀಯರಲ್ಲಿ ನೂರಕ್ಕೆ ೨೪ ಮಂದಿ, ಪುರುಷರಲ್ಲಿ ಸುಮಾರು ೨೩ ಮಂದಿ, ಇರಬೇಕಾದುದಕ್ಕಿಂತ ಹೆಚ್ಚು ತೂಕದವರು. ೨೦೧೫–೧೬ರ ಸಮೀಕ್ಷೆಯಲ್ಲಿ ಈ ಎರಡನೆಯ ಲೆಕ್ಕವು ಸುಮಾರು ೨೧ ಮತ್ತು ೧೯ ಆಗಿದ್ದಿತು. ಒಂದೇ ಬೀದಿಯ ಒಂದು ಮನೆಯಲ್ಲಿ ಕೊರತೆ, ಎದುರು ಮನೆಯಲ್ಲಿ ಅತಿರೇಕ! ಈ ಲೇಖನವು ಎರಡನೆಯ ಮನೆಯವರನ್ನು ಉದ್ದೇಶಿಸಿದ್ದು. ಬೆಳೆಯುವ ಮಕ್ಕಳೂ, ಗರ್ಭಿಣಿಯರೂ, ಬಾಣಂತಿಯರೂ, ಕೃಶರಾದ ವೃದ್ಧರೂ ಇದನ್ನೋದಿ ತಮ್ಮ ತುತ್ತನ್ನು ಕಡಿಮೆಮಾಡಿಕೊಳ್ಳತಕ್ಕದ್ದಲ್ಲ.

ಅತಿರೇಕದ ಫಲವು ಸಾಮಾನ್ಯವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆದು ೨೦೨೩ರಲ್ಲಿ ಪ್ರಕಟವಾದ ಪರಿಶೋಧನೆಯು, ನಮ್ಮಲ್ಲಿ ೧೦ ಕೋಟಿಗೂ ಮಿಕ್ಕ ಜನರಿಗೆ ಮಧುಮೇಹವಿದೆಯೆಂದೂ, ಇನ್ನು ೧೩ ಕೋಟಿಗೂ ಮಿಕ್ಕವರು ಆ ರೋಗದ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜುಮಾಡಿತು. ಈ ರೋಗಕ್ಕೆ ವಂಶವೂ ವಯಸ್ಸೂ ಕಾರಣಗಳಹುದು. ಅವೆರಡೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ತುತ್ತು ಮಾತ್ರ. ಆದುದರಿಂದ ಕೈಯಲ್ಲಿರುವುದರ ವಿಷಯವಾಗಿಯೇ ನಾವು ಮಾತನಾಡುವುದು ಲೇಸು.

ಹಿಂದಿನವರು ಚೆನ್ನಾಗಿ ಉಣ್ಣುತ್ತಿರಲಿಲ್ಲವೇ ಎಂದು ಕೆಲವರು ಕೇಳುವುದುಂಟು. ಭೀಮಸೇನನಿಗೆ ವೃಕೋದರನೆಂದೇ ಹೆಸರು. ಏಕಚಕ್ರಪುರದಲ್ಲಿ ಪಾಂಡವರು ತಂದ ಭಿಕ್ಷೆಯಲ್ಲಿ ಅರ್ಧವು ಅವನೊಬ್ಬನಿಗೇ ಸಲ್ಲುತ್ತಿದ್ದಿತೆಂದು ಭಾರತವು ಹೇಳುತ್ತದೆ. ಆದರೆ ಅವನು ಉಂಡ ಬಳಿಕ ಮಾಡಿದ ಕೆಲಸಗಳನ್ನೂ ಭಾರತವು ಹೇಳುತ್ತದೆಯಲ್ಲವೆ? ಅವನು ಮರಗಳನ್ನು ಕಿತ್ತನು, ರಾಕ್ಷಸರನ್ನು ಕೊಂದನು, ತಾಯಿಯನ್ನೂ ತಮ್ಮಂದಿರನ್ನೂ ಹೊತ್ತು ಕಾಡು ದಾಟಿದನು. ನಾವು ಉಂಡು ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೇವೆ. ನಮ್ಮ ಅಜ್ಜಂದಿರು ನೇಗಿಲ ಹಿಂದೆ ನಡೆದರು, ಅಜ್ಜಿಯರು ಬಾವಿಯಿಂದ ನೀರು ಸೇದಿದರು, ರಾಗಿ ಬೀಸಿದರು, ಭತ್ತ ಕುಟ್ಟಿದರು. ಆ ದುಡಿಮೆಗಳೆಲ್ಲ ಯಂತ್ರದ ಪಾಲಾದವು; ಅವುಗಳಿಗೆ ತಕ್ಕುದಾಗಿದ್ದ ಅನ್ನದ ರಾಶಿಯು ಮಾತ್ರ ನಮ್ಮ ತಟ್ಟೆಯಲ್ಲಿಯೇ ಉಳಿಯಿತು.

ಇನ್ನು ಅಳತೆಯೆಂದರೇನು? ನಮ್ಮ ಪೂರ್ವಿಕ ವೈದ್ಯರು ಇದನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜಠರವನ್ನು ಮೂರು ಭಾಗವಾಗಿ ಭಾವಿಸಿ, ಒಂದನ್ನು ಗಟ್ಟಿ ಪದಾರ್ಥಕ್ಕೂ, ಇನ್ನೊಂದನ್ನು ದ್ರವಕ್ಕೂ ಕೊಟ್ಟು, ಮೂರನೆಯದನ್ನು ವಾತಪಿತ್ತಕಫಗಳ ಸಂಚಾರಕ್ಕೆ ಬಿಡಬೇಕೆಂದು ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯವು ನಾಲ್ಕು ಭಾಗಮಾಡಿ, ಎರಡನ್ನು ಅನ್ನಕ್ಕೂ ಒಂದನ್ನು ಪಾನಕ್ಕೂ ಕೊಟ್ಟು, ನಾಲ್ಕನೆಯದನ್ನು ವಾಯುವಿಗಾಗಿ ತೆರವಾಗಿಡಿಸುತ್ತದೆ. ಲೆಕ್ಕವು ಭಿನ್ನವಾದರೂ ಅಭಿಪ್ರಾಯವೊಂದೇ: ಹೊಟ್ಟೆಯಲ್ಲಿ ಎಡೆ ಉಳಿದಿರುವಾಗಲೇ ಎಲೆಯ ಮುಂದಿನಿಂದ ಏಳತಕ್ಕದ್ದು. ಜಪಾನಿನ ಓಕಿನಾವಾ ದ್ವೀಪದವರೂ ಹತ್ತು ಪಾಲಿನಲ್ಲಿ ಎಂಟು ಪಾಲು ತುಂಬಿದರೆ ಸಾಕೆಂಬ ನಿಯಮವನ್ನು ಬಹುಕಾಲದಿಂದ ಪಾಲಿಸುತ್ತ ಬಂದವರು. ದೂರದೂರದ ಜನರು ಒಂದೇ ನಿರ್ಣಯಕ್ಕೆ ಬಂದಿರುವುದನ್ನು ನೋಡಿದರೆ ಅದರಲ್ಲಿ ತಥ್ಯವಿದೆಯೆಂದು ಊಹಿಸಬಹುದು.

ಎಡೆ ಉಳಿಯಿತೇ ಇಲ್ಲವೇ ಎಂಬುದನ್ನು ತಿಳಿಯುವ ಬಗೆ ಹೇಗೆ? ಅದಕ್ಕೂ ಚರಕದಲ್ಲಿ ಪರೀಕ್ಷೆಯುಂಟು. ಹೊಟ್ಟೆ ಒತ್ತದೆ, ಪಕ್ಕೆಗಳು ಬಿಗಿಯದೆ, ಎದೆಯಲ್ಲಿ ತಡೆಯೆನಿಸದೆ, ಹಸಿವು ಬಾಯಾರಿಕೆಗಳು ಅಡಗಿ, ಇಂದ್ರಿಯಗಳು ಪ್ರಸನ್ನವಾಗಿ, ಉಂಡವನು ಸುಖವಾಗಿ ಕುಳಿತು, ನಿಂತು, ನಡೆದು, ಉಸಿರಾಡಿ, ನಕ್ಕು ಮಾತನಾಡಬಲ್ಲವನಾಗಿದ್ದರೆ ಅವನ ಊಟವು ಅಳತೆಯಲ್ಲಿದ್ದಿತೆಂದು ತಿಳಿಯತಕ್ಕದ್ದು. ಉಂಡ ಮೇಲೆ ಸೊಂಟದ ಬಿಗಿಯನ್ನು ಸಡಿಲಿಸಿ ಗೋಡೆಗೊರಗಿ ನಿಟ್ಟುಸಿರು ಬಿಡುವವನು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದೇ ಹೇಳಬೇಕು.

ಈಗಿನ ಶಾಸ್ತ್ರಜ್ಞರು ಇದೇ ವಿಷಯವನ್ನು ಬೇರೆ ಮಾರ್ಗದಿಂದ ಶೋಧಿಸಿದ್ದಾರೆ. ದೇಹದ ಕೊಬ್ಬಿನಿಂದ ಹುಟ್ಟಿ ರಕ್ತದ ಮೂಲಕ ಮಿದುಳನ್ನು ಮುಟ್ಟಿ ‘ಸಂಗ್ರಹವು ಸಾಕಷ್ಟಿದೆ’ ಎಂದು ತಿಳಿಸುವ ಲೆಪ್ಟಿನ್ ಎಂಬ ದ್ರವ್ಯವು ೧೯೯೪ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಜಠರದಿಂದ ಹುಟ್ಟಿ ‘ಅನ್ನ ಬೇಕು’ ಎಂದು ಕೂಗುವ ಗ್ರೆಲಿನ್ ಎಂಬುದು ೧೯೯೯ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ಇವಲ್ಲದೆ ಹೊಟ್ಟೆಯು ಹಿಗ್ಗಿದುದನ್ನು ತಿಳಿಸುವ ನರಗಳೂ, ಅನ್ನವು ಕರುಳಿಗಿಳಿದುದನ್ನು ತಿಳಿಸುವ ಬೇರೆ ದೂತರೂ ಉಂಟು. ಆದರೆ ಈ ವಾರ್ತೆಯು ಮಿದುಳಿಗೆ ಚೆನ್ನಾಗಿ ಮುಟ್ಟಬೇಕಾದರೆ ಸುಮಾರು ಹದಿನೈದು ಇಪ್ಪತ್ತು ನಿಮಿಷಗಳು ಬೇಕು. ಐದು ನಿಮಿಷದಲ್ಲಿ ಊಟ ಮುಗಿಸುವವನು ದೂತನು ಬಾಗಿಲಿಗೆ ಬರುವ ಮುನ್ನವೇ ಎರಡನೆಯ ಸಲ ಬಡಿಸಿಕೊಂಡಿರುತ್ತಾನೆ. ‘ಸಾಕು’ ಎಂಬ ಮಾತು ಕೇಳಿಸುವ ಹೊತ್ತಿಗೆ ಸಾಕಾಗಿ ಹೆಚ್ಚೇ ಆಗಿರುತ್ತದೆ.

ಆದುದರಿಂದ ಅತಿಭೋಜನಕ್ಕೆ ಮೊದಲನೆಯ ಕಾರಣವು ಆತುರ. ಇದಕ್ಕೆ ಪರಿಹಾರವು ಸುಲಭ, ವೆಚ್ಚವೂ ಇಲ್ಲ: ತುತ್ತು ಚಿಕ್ಕದಾಗಿರಲಿ, ಬಾಯಲ್ಲಿರುವುದು ನುಂಗಿ ಮುಗಿಯುವವರೆಗೆ ಮುಂದಿನ ತುತ್ತನ್ನು ಕಲಸದಿರಲಿ, ಎರಡನೆಯ ಸಲ ಬಡಿಸಿಕೊಳ್ಳುವ ಮುನ್ನ ಸ್ವಲ್ಪ ನೀರು ಕುಡಿದು ನಾಲ್ಕು ನಿಮಿಷ ಸುಮ್ಮನಿರಲಿ. ಬೇಕೆನಿಸಿದರೆ ಆಗ ಬಡಿಸಿಕೊಳ್ಳಬಹುದು. ಅನೇಕ ವೇಳೆ ಬೇಕೆನಿಸುವುದಿಲ್ಲ.

ಎರಡನೆಯ ಕಾರಣವು ಅನ್ಯಮನಸ್ಕತೆ. ಮನಸ್ಸನ್ನು ಅನ್ನದಲ್ಲಿಟ್ಟು ಉಣ್ಣಬೇಕೆಂಬುದು ಚರಕದ ವಿಧಿ. ಈಗ ಗೃಹಸ್ಥನ ಮುಂದೆ ಟೆಲಿವಿಷನ್ನು, ಮಗನ ಕೈಯಲ್ಲಿ ಮೊಬೈಲು, ತಟ್ಟೆಯೊಳಗೆ ಏನಿದ್ದಿತೆಂಬುದು ಇಬ್ಬರಿಗೂ ತಿಳಿಯದು. ನೆನಪಿನಲ್ಲಿ ನಿಲ್ಲದ ಊಟವು ತೃಪ್ತಿಯನ್ನು ಕೊಡುವುದಿಲ್ಲ. ತೃಪ್ತಿಯಿಲ್ಲದುದರಿಂದ ಗಂಟೆಯೊಳಗೆ ಕೈ ಚಕ್ಕುಲಿಯ ಡಬ್ಬಕ್ಕೆ ಹೋಗುತ್ತದೆ. ಊಟದ ಹೊತ್ತಿನಲ್ಲಿ ಈ ಯಂತ್ರಗಳನ್ನು ನಿಲ್ಲಿಸುವ ನಿಯಮವನ್ನು ಮನೆಯ ಯಜಮಾನನೇ ಮೊದಲು ಪಾಲಿಸಬೇಕು. ಅನಂತರ ಮಕ್ಕಳಿಗೆ ಹೇಳಬೇಕು.

ಮೂರನೆಯ ಕಾರಣವು ಅಂಗಡಿಯ ಪೊಟ್ಟಣಗಳು. ೨೦೧೯ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇಲ್ಲಿ ಸ್ಮರಣೀಯವಾದುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ೨೦ ಮಂದಿಯನ್ನು ನಾಲ್ಕು ವಾರ ತಮ್ಮಲ್ಲಿಯೇ ಇಟ್ಟುಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಬಹುವಿಧವಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಾಮಾನ್ಯ ಪದಾರ್ಥಗಳಿಂದ ಮಾಡಿದ ಅಡಿಗೆಯನ್ನೂ ಕೊಟ್ಟರು. ಮುಂದಿಟ್ಟ ಆಹಾರದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವೂ ಎರಡು ಪಕ್ಷಗಳಲ್ಲಿಯೂ ಸರಿಸಮವಾಗಿರುವಂತೆ ಏರ್ಪಡಿಸಿ, ಬೇಕಾದಷ್ಟು ಉಣ್ಣಬಹುದೆಂದು ಹೇಳಿದ್ದರು. ಸಂಸ್ಕರಿಸಿದ ಆಹಾರವನ್ನು ಕೊಟ್ಟ ದಿನಗಳಲ್ಲಿ ಅದೇ ಜನರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿಗಳಷ್ಟು ಹೆಚ್ಚಾಗಿ ತಿಂದರು, ಬೇಗಬೇಗನೆ ತಿಂದರು, ಎರಡು ವಾರದಲ್ಲಿ ಸುಮಾರು ಒಂದು ಕಿಲೋದಷ್ಟು ತೂಕ ಏರಿದರು. ಇನ್ನೆರಡು ವಾರದಲ್ಲಿ ಸುಮಾರು ಅಷ್ಟೇ ಇಳಿದರು. ಇದರಿಂದ ತಿಳಿಯಬೇಕಾದುದೇನು? ಅತಿಯಾಗಿ ತಿನ್ನುವವನನ್ನು ಜಿಹ್ವಾಚಾಪಲ್ಯದವನೆಂದು ಹಳಿಯುವ ಮುನ್ನ, ಅವನ ಮುಂದೆ ಏನನ್ನು ಇಡಲಾಗಿದೆಯೆಂಬುದನ್ನು ನೋಡಬೇಕು. ಮನೆಯಲ್ಲಿ ಪೊಟ್ಟಣವೇ ಇಲ್ಲದಿದ್ದರೆ ರಾತ್ರಿ ಹತ್ತು ಗಂಟೆಗೆ ಅದರೊಡನೆ ಹೋರಾಡುವ ಕಷ್ಟವೂ ಇರುವುದಿಲ್ಲ.

ನಾಲ್ಕನೆಯ ಕಾರಣವು ನಮ್ಮ ಸದ್ಗುಣಗಳಿಂದಲೇ ಹುಟ್ಟಿದುದು, ಅದು ಉಪಚಾರ. ಅತಿಥಿಯು ಎಲೆಯ ಮೇಲೆ ಕೈ ಅಡ್ಡ ಹಿಡಿದು, “ಸಾಕಮ್ಮಾ, ಖಂಡಿತ ಬೇಡ” ಎನ್ನುತ್ತಾನೆ. “ಇದೇನು ರಾಯರೇ, ಎರಡೇ ಹೋಳಿಗೆಗೆ ಸಾಕೆ? ನಮ್ಮ ಮನೆಯ ಅಡಿಗೆ ರುಚಿಸಲಿಲ್ಲವೆಂದು ತೋರುತ್ತದೆ” ಎಂದು ಗೃಹಿಣಿಯು ಕೈಯ ಸಂದಿನಲ್ಲಿಯೇ ಮೂರನೆಯದನ್ನು ಇಳಿಬಿಡುತ್ತಾಳೆ. ಅದರ ಮೇಲೆ ತುಪ್ಪ. ಪಾಪ, ಅವಳದು ಪ್ರೀತಿಯೇ. ಆದರೆ ಆ ರಾಯರಿಗೆ ಮಧುಮೇಹವಿದ್ದು, ಹೇಳಲು ಸಂಕೋಚಪಟ್ಟಿದ್ದರೆ? ಒಮ್ಮೆ ಕೇಳುವುದು ಆದರ, ಎರಡು ಸಲ ಕೇಳುವುದು ಉಪಚಾರ, ಮೂರನೆಯದು ಬಲಾತ್ಕಾರವೆಂದು ನಾವೆಲ್ಲರೂ ಒಪ್ಪಂದ ಮಾಡಿಕೊಂಡರೆ ಅನೇಕ ಮನೆಗಳಿಗೆ ಕ್ಷೇಮ. ವಾಗ್ಭಟನ ಮತದಂತೆ, ಜೀರ್ಣಕ್ಕೆ ಜಡವಾದ ಪದಾರ್ಥವನ್ನು ಅರ್ಧ ತೃಪ್ತಿಯಾಗುವಷ್ಟೇ ತಿನ್ನಬೇಕು, ಹಗುರವಾದುದನ್ನೂ ಅತಿತೃಪ್ತಿಯಾಗದಂತೆ ತಿನ್ನಬೇಕು. ಹಬ್ಬದಲ್ಲಿ ಹೋಳಿಗೆಯನ್ನು ಬಿಡೆಂದು ನಾನು ಹೇಳಲಾರೆ. ಹೋಳಿಗೆಯನ್ನು ಉಂಡ ದಿನ ಅನ್ನವನ್ನು ಅರ್ಧಮಾಡೆಂದು ಮಾತ್ರ ಹೇಳುತ್ತೇನೆ. ಅತಿಥಿಯಾದವನೂ ಮೊದಲು ಸ್ವಲ್ಪವೇ ಹಾಕಿಸಿಕೊಂಡು, ಅದನ್ನೇ ಎರಡು ಸಲ ಮಾಡಿಕೊಂಡರೆ ಬಡಿಸುವವರ ಮನಸ್ಸಿಗೂ ಸಮಾಧಾನ, ತನ್ನ ಹೊಟ್ಟೆಗೂ ಸಮಾಧಾನ.

ಐದನೆಯದನ್ನು ಹೇಳಲು ಗೃಹಿಣಿಯರ ಅಪ್ಪಣೆಯನ್ನು ಬೇಡುತ್ತೇನೆ. ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಒಂದು ಹಿಡಿ ಅನ್ನ, ಮಗುವಿನ ತಟ್ಟೆಯಲ್ಲಿ ಅರ್ಧ ದೋಸೆ, ಬಾಣಲೆಯಲ್ಲಿ ಎರಡು ಸೌಟು ಪಲ್ಯ ಉಳಿಯುತ್ತದೆ. ಅನ್ನವನ್ನು ಚೆಲ್ಲಬಾರದೆಂಬ ಧರ್ಮಬುದ್ಧಿಯಿಂದ ತಾಯಿಯು ಅದನ್ನೆಲ್ಲ ತಾನೇ ತಿಂದು ಮುಗಿಸುತ್ತಾಳೆ. ಅನ್ನವು ದೇವರೆಂಬ ಭಾವನೆಯು ಪೂಜ್ಯವಾದುದೇ. ಆದರೆ ಬೇಡದ ಅನ್ನವು ಹೊಟ್ಟೆಗೆ ಬಿದ್ದರೂ ವ್ಯರ್ಥವಾದಂತೆಯೇ. ಜೊತೆಗೆ ತಾಯಿಯ ದೇಹವೂ ಕೆಡುವುದು. ದಿನವೂ ಉಳಿಯುತ್ತಿದ್ದರೆ ನಾಳೆಯಿಂದ ಅಳತೆಯ ಪಾವಿನಲ್ಲಿ ಅಕ್ಕಿಯನ್ನು ಸ್ವಲ್ಪ ತಗ್ಗಿಸತಕ್ಕದ್ದು. ಇಂದು ಉಳಿದುದನ್ನು ಕೂಡಲೇ ಮುಚ್ಚಿ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ನಾಳೆ ಬಳಸತಕ್ಕದ್ದು. ಮಿಗಿಲಾಗಿ, ಮನೆಯ ಹೆಂಗಸರು ಎಲ್ಲರ ಕೊನೆಗೆ, ನಿಂತುಕೊಂಡು, ಉಳಿದುದನ್ನು ತಿನ್ನುವ ಪದ್ಧತಿಯನ್ನೇ ಗಂಡಸರು ಮುಂದಾಗಿ ನಿಲ್ಲಿಸಬೇಕು. ಎಲ್ಲರೂ ಒಟ್ಟಿಗೆ ಕುಳಿತು, ಬೇಕಾದುದನ್ನು ತಾವೇ ಬಡಿಸಿಕೊಂಡು ಉಂಡರೆ ಅವಳ ಊಟಕ್ಕೂ ಒಂದು ಅಳತೆಯೂ ಮರ್ಯಾದೆಯೂ ಬರುವುವು.

ಕಾರಣಗಳನ್ನು ಹೇಳಿದ್ದಾಯಿತು. ಇನ್ನು ಉಪಾಯಗಳ ವಿಚಾರ. ಇಷ್ಟನ್ನು ಓದಿದೊಡನೆಯೇ ಕೆಲವರು, “ನಾಳೆಯಿಂದ ಒಪ್ಪೊತ್ತು, ಅನ್ನವನ್ನು ಮುಟ್ಟೆನು” ಎಂದು ಪ್ರತಿಜ್ಞೆ ಮಾಡುವರು. ದಯವಿಟ್ಟು ಮಾಡಬೇಡಿರಿ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ೧೯೪೪–೪೫ರಲ್ಲಿ ೩೬ ಮಂದಿ ಆರೋಗ್ಯವಂತ ತರುಣರು ಸ್ವಯಿಚ್ಛೆಯಿಂದ ಇಪ್ಪತ್ತನಾಲ್ಕು ವಾರಗಳ ಕಾಲ ಅರೆಹೊಟ್ಟೆಯಲ್ಲಿ ಇದ್ದರು; ತೂಕದಲ್ಲಿ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ಅವರಿಗೆ ಹಗಲಿರುಳೂ ಅನ್ನದ್ದೇ ಧ್ಯಾನವಾಯಿತು, ಮನಸ್ಸು ಖಿನ್ನವಾಯಿತು, ಪಾಕಶಾಸ್ತ್ರದ ಪುಸ್ತಕಗಳನ್ನು ಓದುತ್ತ ಕುಳಿತುಕೊಳ್ಳತೊಡಗಿದರು. ಪರೀಕ್ಷೆಯು ಮುಗಿದ ಮೇಲೆ ಅವರಲ್ಲಿ ಅನೇಕರು ಎಷ್ಟು ತಿಂದರೂ ತೃಪ್ತಿಯನ್ನು ಕಾಣದೆ ಬಹುದಿನ ಅತಿಯಾಗಿ ಉಂಡರು. ಕಠೋರವಾದ ಉಪವಾಸವು ಅತಿಭೋಜನಕ್ಕೆ ಔಷಧವಲ್ಲ. ಅನೇಕ ವೇಳೆ ಅದರ ಬೀಜ. ಸೋಮವಾರದ ಹಸಿವು ಮಂಗಳವಾರ ಬಡ್ಡಿಯೊಡನೆ ಬಂದು ಸಾಲವನ್ನು ವಸೂಲುಮಾಡುತ್ತದೆ. ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂಬ ಗೀತೆಯ ಉಪದೇಶದ ತಾತ್ಪರ್ಯವೂ ಇದೇ.

ಹಾಗಾದರೆ ಹೊಟ್ಟೆ ತುಂಬಬೇಕು, ಮೈ ಬೆಳೆಯಬಾರದು; ಇದು ಸಾಧ್ಯವೇ? ಸಾಧ್ಯವೆಂದೇ ಚರಕದ ಉತ್ತರ. ಸ್ಥೂಲದೇಹಿಗಳಿಗೆ ಗುರುವೂ ಅತರ್ಪಣವೂ ಆದ ಆಹಾರವನ್ನು ಅದು ವಿಧಿಸುತ್ತದೆ. ಗುರುವೆಂದರೆ ಹೊಟ್ಟೆಯಲ್ಲಿ ಭಾರವಾಗಿ ನಿಂತು ಹಸಿವನ್ನು ಅಡಗಿಸತಕ್ಕದ್ದು. ಅತರ್ಪಣವೆಂದರೆ ಮೈಯನ್ನು ಹೆಚ್ಚಾಗಿ ಬೆಳೆಯಿಸದಿರತಕ್ಕದ್ದು. ಇಂದಿನ ಆಹಾರಶಾಸ್ತ್ರವೂ ಇದನ್ನೇ ಹೇಳುತ್ತದೆ. ನೂರು ಗ್ರಾಮು ಸೌತೆಕಾಯಿಯಲ್ಲಿ ಸುಮಾರು ೧೫ ಕ್ಯಾಲೊರಿ. ನೂರು ಗ್ರಾಮು ಎಣ್ಣೆಯಲ್ಲಿ ಕರಿದ ಆಲೂಗೆಡ್ಡೆಯ ಚಿಪ್ಸಿನಲ್ಲಿ ೫೦೦ಕ್ಕೂ ಮಿಕ್ಕಿ. ಹೊಟ್ಟೆಯು ಗಾತ್ರವನ್ನು ನೋಡುತ್ತದೆಯೇ ಹೊರತು ಕ್ಯಾಲೊರಿಗಳನ್ನು ಎಣಿಸುವುದಿಲ್ಲ. ಆದುದರಿಂದ ನೀರೂ ನಾರೂ ಹೆಚ್ಚಾಗಿರುವ ಪದಾರ್ಥಗಳಾದ ಸೊಪ್ಪು, ಹೀರೆ, ಪಡವಲ, ಸೋರೆ, ಬೂದುಗುಂಬಳ, ಬೀನ್ಸು, ಮೂಲಂಗಿ ಇವುಗಳಿಂದ ತಟ್ಟೆಯ ಅರ್ಧವನ್ನು ತುಂಬಿದರೆ ಹಸಿವೂ ಅಡಗುವುದು, ಅಳತೆಯೂ ಮೀರದು. ಬೇಳೆ, ಮೊಳಕೆಕಾಳು, ಮೊಸರು ಇವುಗಳಲ್ಲಿರುವ ಸಸಾರಜನಕವು ಹಸಿವನ್ನು ದೀರ್ಘಕಾಲ ತಡೆಯುತ್ತದೆ. ಮಾಂಸಾಹಾರಿಗಳಿಗೆ ಮೀನೂ ಮೊಟ್ಟೆಯೂ ಅದೇ ಕೆಲಸವನ್ನು ಮಾಡುವುವು.

ಇದಕ್ಕಾಗಿ ಪರದೇಶದ ಪದಾರ್ಥಗಳನ್ನು ಹುಡುಕಬೇಕಾದುದಿಲ್ಲ. ಸೊಪ್ಪಿನ ಬಸ್ಸಾರು, ಕಾಳಿನ ಹುಳಿ, ಹೆಸರುಬೇಳೆಯ ಕೋಸಂಬರಿ, ಜೋಳದ ರೊಟ್ಟಿಯೊಡನೆ ಎಣ್ಣೆಗಾಯಿಗಿಂತ ಹೆಚ್ಚಾಗಿ ಸೊಪ್ಪಿನ ಪಲ್ಯ, ಕೊನೆಗೆ ನೀರುಮಜ್ಜಿಗೆ; ಇವೆಲ್ಲ ನಮ್ಮ ಮನೆಯವೇ. ರಾಗಿಯ ಮುದ್ದೆಯು ಒಳ್ಳೆಯದೆಂದು ಅದನ್ನೂ ಅನ್ನವನ್ನೂ ಎರಡನ್ನೂ ಪೂರ್ಣವಾಗಿ ಉಣ್ಣುವವರಿದ್ದಾರೆ, ಅದು ಸರಿಯಲ್ಲ. ಒಂದು ಬಂದರೆ ಇನ್ನೊಂದು ತಗ್ಗಬೇಕು. ಬಾಳೆಯೆಲೆಯ ಊಟದಲ್ಲಿ ಕೋಸಂಬರಿ ಪಲ್ಯಗಳು ಅನ್ನಕ್ಕೆ ಮೊದಲೇ ಬಂದು ಕುಳಿತಿರುವುದನ್ನು ಎಲ್ಲರೂ ಬಲ್ಲರು. ನಾವಾದರೋ ಅವುಗಳನ್ನು ನಂಚಿಕೊಳ್ಳಲು ಇಟ್ಟುಕೊಂಡು ಅನ್ನಕ್ಕೇ ಕೈಹಾಕುತ್ತೇವೆ. ೨೦೧೫ರಲ್ಲಿ ನ್ಯೂಯಾರ್ಕಿನ ವೈದ್ಯರು ೧೧ ಮಂದಿ ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿಯನ್ನೂ ಸಸಾರಜನಕದ ಪದಾರ್ಥವನ್ನೂ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದ ದಿನ ರಕ್ತದ ಸಕ್ಕರೆಯು ಕಡಮೆ ಏರಿತು. ಪರೀಕ್ಷೆಯು ಚಿಕ್ಕದಾದರೂ, ಅನುಸರಿಸಲು ನಷ್ಟವೇನೂ ಇಲ್ಲ: ಕೋಸಂಬರಿಯನ್ನೂ ಪಲ್ಯವನ್ನೂ ಮೊದಲು ಮುಗಿಸಿ ಆಮೇಲೆ ಅನ್ನವನ್ನು ಕಲಸಿರಿ.

ಗೃಹಸ್ಥರು ಲೆಕ್ಕವನ್ನು ಬಲ್ಲವರಾದುದರಿಂದ ಒಂದು ಲೆಕ್ಕವನ್ನು ಮುಂದಿಡುತ್ತೇನೆ. ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರಿಂದ ಒಂದೇ ಕೊಠಡಿಯಲ್ಲಿ ಆರಂಭವಾಗಿ, ೧೯೫೮ರಲ್ಲಿ ಹೈದರಾಬಾದಿಗೆ ಬಂದು ನೆಲೆಸಿದ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರಲ್ಲಿ ಹೊಸ ಸೂಚನೆಗಳನ್ನು ಪ್ರಕಟಿಸಿತು. ದಿನಕ್ಕೆ ೨೦೦೦ ಕ್ಯಾಲೊರಿಯ ಆಹಾರಕ್ಕೆ ಅದು ಹೇಳಿರುವ ಪ್ರಮಾಣವು ಹೀಗಿದೆ: ಧಾನ್ಯ ೨೫೦ ಗ್ರಾಮು, ತರಕಾರಿ ಸೊಪ್ಪುಗಳು ೪೦೦ ಗ್ರಾಮು, ಬೇಳೆಕಾಳು ೮೫ ಗ್ರಾಮು, ಹಣ್ಣು ೧೦೦ ಗ್ರಾಮು, ಕಡಲೆಕಾಯಿ ಮೊದಲಾದ ಬೀಜಗಳು ೩೫ ಗ್ರಾಮು, ಎಣ್ಣೆತುಪ್ಪಗಳು ೨೭ ಗ್ರಾಮು, ಹಾಲು ಅಥವಾ ಮೊಸರು ೩೦೦ ಮಿಲಿಲೀಟರು. ನಾಲ್ವರು ವಯಸ್ಕರ ಮನೆಗೆ ಮೂವತ್ತು ದಿನಕ್ಕೆ ಗುಣಿಸಿ ನೋಡಿರಿ. ಅಕ್ಕಿ, ಗೋಧಿ, ರಾಗಿ, ರವೆ, ಅವಲಕ್ಕಿ ಎಲ್ಲ ಕೂಡಿ ೩೦ ಕಿಲೋ. ತರಕಾರಿಯಾದರೋ ೪೮ ಕಿಲೋ. ಬೇಳೆಕಾಳು ೧೦ ಕಿಲೋ. ಎಣ್ಣೆ ಮತ್ತು ತುಪ್ಪ ಸೇರಿ ಸುಮಾರು ಮೂರೂವರೆ ಲೀಟರು. ವಿಶ್ವ ಆರೋಗ್ಯ ಸಂಸ್ಥೆಯು ಉಪ್ಪನ್ನು ದಿನಕ್ಕೆ ೫ ಗ್ರಾಮಿಗಿಂತ ಕಡಮೆಯಿಡಬೇಕೆಂದೂ, ಸಕ್ಕರೆಯನ್ನು ಸುಮಾರು ೨೫ ಗ್ರಾಮಿಗೆ ಇಳಿಸಿದರೆ ಲೇಸೆಂದೂ ಹೇಳಿದೆ. ಅಂದರೆ ಅದೇ ಮನೆಗೆ ತಿಂಗಳಿಗೆ ಉಪ್ಪು ೬೦೦ ಗ್ರಾಮು, ಸಕ್ಕರೆ ಬೆಲ್ಲಗಳು ೩ ಕಿಲೋ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಸಿಹಿಗಳೂ ಈ ಲೆಕ್ಕದೊಳಗೇ ಬರತಕ್ಕವು.

ಈಗ ಕಳೆದ ತಿಂಗಳ ಸಾಮಾನಿನ ಚೀಟಿಯನ್ನು ತೆಗೆದು ಹೋಲಿಸಿರಿ. ಬಹುತೇಕ ಮನೆಗಳಲ್ಲಿ ತರಕಾರಿಯ ತೂಕವು ಧಾನ್ಯದ ತೂಕಕ್ಕಿಂತ ಕಡಮೆಯಾಗಿಯೂ, ಎಣ್ಣೆಯ ಡಬ್ಬಗಳು ಲೆಕ್ಕಕ್ಕಿಂತ ಹೆಚ್ಚಾಗಿಯೂ ಕಾಣುವುವೆಂದು ನನ್ನ ಊಹೆ. ದಿನಕ್ಕೆ ನಾಲ್ಕು ಲೋಟ ಕಾಫಿಯನ್ನು, ಲೋಟಕ್ಕೆರಡು ಚಮಚ ಸಕ್ಕರೆಯಂತೆ ಕುಡಿಯುವವನು ಅದರಿಂದಲೇ ಸುಮಾರು ೪೦ ಗ್ರಾಮು ಸಕ್ಕರೆಯನ್ನು ಸೇವಿಸುತ್ತಾನೆ. ಅವನು ಸಿಹಿಯನ್ನೇ ಮುಟ್ಟುವುದಿಲ್ಲವೆಂದು ಹೇಳಿಕೊಂಡರೆ ನಂಬುವುದು ಹೇಗೆ? ವಾರಕ್ಕೆ ಅರ್ಧ ಚಮಚದಂತೆ ತಗ್ಗಿಸುತ್ತ ಬಂದರೆ ನಾಲಗೆಯು ಒಗ್ಗಿಕೊಳ್ಳುವುದು. ತಟ್ಟೆಯಲ್ಲಿ ಆಗುವ ತಪ್ಪನ್ನು ಅಂಗಡಿಯ ಚೀಟಿಯಲ್ಲಿಯೇ ತಿದ್ದುವುದು ಸುಲಭವಾದ ಮಾರ್ಗ.

ಕಾಲದ ವಿಚಾರವಾಗಿಯೂ ಒಂದೆರಡು ಮಾತು. ಮುಂಚೆ ಉಂಡುದು ಅರಗುವ ಮೊದಲೇ ಮತ್ತೆ ತಿನ್ನುವುದನ್ನು ಶಾಸ್ತ್ರಕಾರರು ಅಧ್ಯಶನವೆಂದೂ, ಹೊತ್ತು ಅಳತೆಗಳಿಲ್ಲದೆ ತಿನ್ನುವುದನ್ನು ವಿಷಮಾಶನವೆಂದೂ ಕರೆದು ನಿಷೇಧಿಸಿದ್ದಾರೆ. ಬೆಳಗಿನ ತಿಂಡಿಯನ್ನು ಬಿಟ್ಟು, ಮಧ್ಯಾಹ್ನ ಅವಸರದಲ್ಲಿ ಉಂಡು, ಸಂಜೆ ಬೋಂಡ ಕಾಫಿ ಮುಗಿಸಿ, ರಾತ್ರಿ ಹತ್ತಕ್ಕೆ ದಿನದ ಊಟವನ್ನೆಲ್ಲ ಒಟ್ಟಿಗೆ ಉಣ್ಣುವ ಉದ್ಯೋಗಸ್ಥರು ಈ ಎರಡನ್ನೂ ಒಂದೇ ದಿನದಲ್ಲಿ ಆಚರಿಸುತ್ತಾರೆ. ಹೊತ್ತಿಗೆ ಸರಿಯಾದ ಊಟವಿದ್ದರೆ ಸಂಜೆಯ ಹಸಿವು ಉಗ್ರವಾಗದು. ಸಂಜೆಗೆ ಏನಾದರೂ ಬೇಕೇ ಬೇಕೆಂದರೆ ಒಂದು ಹಣ್ಣು, ಒಂದು ಹಿಡಿ ಹುರಿಗಡಲೆ, ಉಸಲಿ, ಇಲ್ಲವೆ ಮಜ್ಜಿಗೆ ಇರಲಿ. ಡಬ್ಬವನ್ನೇ ಎದುರಿಗಿಟ್ಟುಕೊಳ್ಳದೆ ಬೇಕಾದಷ್ಟನ್ನು ಬಟ್ಟಲಿಗೆ ಹಾಕಿಕೊಂಡು ಡಬ್ಬವನ್ನು ಒಳಗಿಡತಕ್ಕದ್ದು. ರಾತ್ರಿಯ ಊಟವು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಯಲಿ. ಉಂಡ ಮೇಲೆ ಅಂಗಳದಲ್ಲಾದರೂ ಸ್ವಲ್ಪ ನಡೆಯಲಿ. ನಿದ್ರೆಗೆಟ್ಟವನಿಗೆ ಮರುದಿನ ಹಸಿವು ಹೆಚ್ಚುವುದನ್ನೂ ವೈದ್ಯರು ಕಂಡುಕೊಂಡಿದ್ದಾರೆ. ಆದುದರಿಂದ ಮಿತಾಹಾರಕ್ಕೆ ಸುಖನಿದ್ರೆಯೂ ಒಂದು ಅಂಗ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಕೆಲವರು ಹಸಿವಿಗಾಗಿ ಉಣ್ಣುವುದಿಲ್ಲ. ದುಃಖವನ್ನು ಮುಚ್ಚುವುದಕ್ಕಾಗಿ ಉಣ್ಣುತ್ತಾರೆ. ನನ್ನೊಡನೆ ಬಹುಕಾಲ ಗಣಿತವನ್ನು ಬೋಧಿಸಿದ ಮಿತ್ರರೊಬ್ಬರು ನಿವೃತ್ತರಾದ ವರ್ಷವೇ ಪತ್ನಿಯನ್ನು ಕಳೆದುಕೊಂಡರು. ಹಗಲು ಅವರು ಮಿತವಾಗಿಯೇ ಉಣ್ಣುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು, ಕತ್ತಲಲ್ಲಿ, ಕೈಗೆ ಸಿಕ್ಕಿದುದನ್ನೆಲ್ಲ ಹೊಟ್ಟೆ ನೋಯುವವರೆಗೆ ತಿನ್ನುತ್ತಿದ್ದರು. ಮಗನು ಗದರಿದನು, ಅಡಿಗೆಮನೆಯ ಕಪಾಟಿಗೆ ಬೀಗ ಹಾಕಿಸಿದನು. ಬೀಗವನ್ನು ಕಂಡ ಮುದುಕರು ಪೇಟೆಯಿಂದ ಪೊಟ್ಟಣಗಳನ್ನು ತಂದು ಹಾಸಿಗೆಯ ಕೆಳಗೆ ಬಚ್ಚಿಡಲಾರಂಭಿಸಿದರು. ಸೊಸೆಯೇ ವಿವೇಕಿ. ಅವಳು ಬೀಗವನ್ನು ತೆಗೆಸಿ, “ಮಾವಾ, ಇನ್ನು ಮೇಲೆ ನೀವು ಒಬ್ಬರೇ ಉಣ್ಣಬೇಡಿ, ನಾನೂ ನಿಮ್ಮ ಜೊತೆಗೇ ಕುಳಿತುಕೊಳ್ಳುತ್ತೇನೆ” ಎಂದು ರಾತ್ರಿಯ ಊಟಕ್ಕೆ ಜೊತೆಯಾದಳು, ತಾನೇ ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಅವರ ಅಭ್ಯಾಸವು ಒಂದೇ ದಿನದಲ್ಲಿ ಹೋಗಲಿಲ್ಲ. ಈಗಲೂ ಒಮ್ಮೊಮ್ಮೆ ಮರುಕಳಿಸುವುದುಂಟು. ಆದರೆ ಹಾಸಿಗೆಯ ಕೆಳಗೆ ಈಗ ಪೊಟ್ಟಣಗಳಿಲ್ಲ.

ತಡೆಯಲಾಗದಂತೆ, ಗುಟ್ಟಾಗಿ, ಅಲ್ಪಕಾಲದಲ್ಲಿ ಅಪಾರವಾಗಿ ತಿಂದು, ಬಳಿಕ ನಾಚಿಕೆಯಿಂದ ಬೇಯುವ ಈ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರತ್ಯೇಕವಾದ ಒಂದು ವ್ಯಾಧಿಯೆಂದೇ ಅಂಗೀಕರಿಸಿತು. ವಾರಕ್ಕೊಮ್ಮೆಯಾದರೂ ಹೀಗಾಗುತ್ತ ಮೂರು ತಿಂಗಳು ಕಳೆದಿದ್ದರೆ ಅದು ದುರ್ಗುಣವಲ್ಲ, ರೋಗ, ಅದಕ್ಕೆ ಚಿಕಿತ್ಸೆಯುಂಟು. ಬೈಗಳೂ ಹಾಸ್ಯವೂ ಅದನ್ನು ಹೆಚ್ಚಿಸುವುವು. ಮನಸ್ಸಿನ ತೊಂದರೆಗಳಿಗಾಗಿ ಭಾರತ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿಯ ಸಂಖ್ಯೆಯು ೧೪೪೧೬, ಕನ್ನಡದಲ್ಲಿಯೇ ಮಾತನಾಡಬಹುದು. ಹಾಗೆಯೇ ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಊಟವನ್ನು ಬಿಡುವುದಾಗಲಿ ಬಹಳವಾಗಿ ತಗ್ಗಿಸುವುದಾಗಲಿ ಕೂಡದು. ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿದೀತು.

ನಿಮ್ಮ ಸ್ಥಿತಿಯನ್ನು ತಿಳಿಯಲು ದರ್ಜಿಯ ಟೇಪೊಂದು ಸಾಕು. ನಮ್ಮ ದೇಶದವರಲ್ಲಿ ಹೊಟ್ಟೆಯ ಸುತ್ತಳತೆಯು ಪುರುಷರಿಗೆ ೯೦ ಸೆಂಟಿಮೀಟರು, ಸ್ತ್ರೀಯರಿಗೆ ೮೦ ಸೆಂಟಿಮೀಟರು ಮೀರಿದರೆ ಎಚ್ಚರಗೊಳ್ಳತಕ್ಕದ್ದು. ಮೀರಿದ್ದರೆ ಭಯಪಡಬೇಕಾಗಿಲ್ಲ, ಮೇಲೆ ಹೇಳಿದ ನಿಯಮಗಳೆಲ್ಲವನ್ನೂ ಒಂದೇ ದಿನ ಹಿಡಿಯಬೇಕಾಗಿಯೂ ಇಲ್ಲ. ಮಕ್ಕಳಿಗೆ ಮೊದಲ ದಿನವೇ ಅಮರಕೋಶವನ್ನೆಲ್ಲ ಒಪ್ಪಿಸೆಂದು ಯಾವ ಉಪಾಧ್ಯಾಯನೂ ಹೇಳುವುದಿಲ್ಲ. ದಿನಕ್ಕೊಂದು ಶ್ಲೋಕದಂತೆ ಸಾಗಿದವನೇ ಮುಗಿಸುತ್ತಾನೆ. ಈ ತಿಂಗಳು ನಿಧಾನವಾಗಿ ಉಣ್ಣುವುದನ್ನು ಕಲಿಯಿರಿ. ಮುಂದ��ನ ತಿಂಗಳು ಪಲ್ಯವನ್ನು ಹೆಚ್ಚಿಸಿ ಅನ್ನವನ್ನು ತಗ್ಗಿಸಿರಿ. ಅದರ ಮುಂದಿನ ತಿಂಗಳು ಸಾಮಾನಿನ ಚೀಟಿಯನ್ನು ತಿದ್ದಿರಿ. ನಡುವೆ ಒಂದು ಮದುವೆಯ ಊಟದಲ್ಲಿ ಅಳತೆ ತಪ್ಪಿದರೆ ಮರುದಿನ ಉಪವಾಸದ ದಂಡವನ್ನು ವಿಧಿಸಿಕೊಳ್ಳದೆ, ಎಂದಿನ ಮಿತವಾದ ಊಟಕ್ಕೆ ಹಿಂದಿರುಗಿರಿ. ವಾಚಕರೆಲ್ಲರಿಗೂ ಹೊತ್ತಿಗೆ ಸರಿಯಾಗಿ ಹಸಿವೂ, ಹಸಿವಿಗೆ ತಕ್ಕ ಅನ್ನವೂ, ಜೊತೆಗೆ ಕುಳಿತು ಉಣ್ಣುವ ಜನರೂ ಸದಾ ದೊರೆಯಲಿ.